ಬೆಳಕನ್ನು ತಗ್ಗಿಸುವ ಪೆಟ್ಟಿಗೆ

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ವಿದ್ಯುಚ್ಛಕ್ತಿಯ ಗೊಡವೆ ಏಕೆಂದು ವಾಚಕರು ಕೇಳಬಹುದು. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆ. ನಾಟಕವೆಂದರೆ ಮಾತು, ಮಾತೆಂದರೆ ಕವಿ. ಮಿಕ್ಕದ್ದೆಲ್ಲ ಬಡಗಿ, ದರ್ಜಿ, ವೈರ್‌ಮನ್ನರ ಕೆಲಸ. ಬಾಯಿಬಿಟ್ಟು ಹೇಳದಿದ್ದರೂ ಹದಿನೈದು ವರ್ಷ ನಾನು ತರಗತಿಯಲ್ಲಿ ಸೂಚಿಸುತ್ತ ಬಂದ ಸಿದ್ಧಾಂತ ಇದೇ. ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ಅಭಿನಯದ ನಾಲ್ಕು ಬಗೆಗಳನ್ನು ಹಲಗೆಯ ಮೇಲೆ ಬರೆದು, ಆಹಾರ್ಯಕ್ಕೆ ಬಂದಾಗ ‘ವೇಷಭೂಷಣ ಇತ್ಯಾದಿ’ ಎಂದು ಹೇಳಿ ಮುಂದಕ್ಕೆ ಹೋಗಿಬಿಡುತ್ತಿದ್ದೆ. ಬೆಳಕು ಆ ‘ಇತ್ಯಾದಿ’ಯಲ್ಲಿ ಅಡಗಿತ್ತು. ನಮ್ಮ ಸಭಾಂಗಣದ ರಂಗದ ಬಲಬದಿಯಲ್ಲಿ, ಪರದೆಯ ಹಗ್ಗಗಳ ಹಿಂದೆ, ಬೂದುಬಣ್ಣದ ಎರಡು ಕಬ್ಬಿಣದ ಪೆಟ್ಟಿಗೆಗಳು ಒಂದರ ಮೇಲೊಂದು ಕುಳಿತಿದ್ದುವು. ನಾಟಕದ ದಿನ ಅವು ಜೇನುಗೂಡಿನಂತೆ ಗುಂಯ್‌ಗುಟ್ಟುತ್ತವೆ ಎಂಬುದಷ್ಟೇ ಅವುಗಳ ವಿಷಯದಲ್ಲಿ ನನಗಿದ್ದ ಜ್ಞಾನ. 2019ರ ಫೆಬ್ರವರಿಯಲ್ಲಿ ಆ ಪೆಟ್ಟಿಗೆಗಳ ದೆಸೆಯಿಂದ ನಾನೊಬ್ಬ ಹುಡುಗನಿಗೆ ಅನ್ಯಾಯ ಮಾಡಿದೆ. ಅದನ್ನು ಹೇಳುವುದಕ್ಕೆ ಮುಂಚೆ ಆ ಪೆಟ್ಟಿಗೆ ಏನು ಮಾಡುತ್ತದೆಂಬುದನ್ನು ಹೇಳಬೇಕು. ಇಲ್ಲವಾದರೆ ಅನ್ಯಾಯದ ಸ್ವರೂಪವೇ ತಿಳಿಯದು.

ದೀಪವನ್ನು ಹೊತ್ತಿಸುವುದು ಸುಲಭ, ತಗ್ಗಿಸುವುದು ಕಷ್ಟ. ಮನೆಯ ಗೋಡೆಯ ಸ್ವಿಚ್ಚಿಗೆ ಎರಡೇ ಮಾತು ಗೊತ್ತು: ಉಂಟು, ಇಲ್ಲ. ಆದರೆ ಸಂಜೆಯೆಂಬುದು ಉಂಟು-ಇಲ್ಲಗಳ ನಡುವೆ ಇರುವಂಥದು. ಹಗಲು ಒಮ್ಮೆಗೇ ಆರಿಹೋಗುವುದಿಲ್ಲ, ಬೆಳಗು ಒಮ್ಮೆಗೇ ಹೊತ್ತಿಕೊಳ್ಳುವುದಿಲ್ಲ. ರಂಗದ ಮೇಲೆ ಸಂಜೆಯನ್ನು ತರಬೇಕಾದವನಿಗೆ ಈ ನಡುವಣ ಮೆಟ್ಟಿಲುಗಳು ಬೇಕು. ಅವನ್ನು ಒದಗಿಸುವ ಸಾಧನಕ್ಕೆ ಡಿಮ್ಮರ್ ಎಂದು ಹೆಸರು; ಹತ್ತು ಹನ್ನೆರಡು ಡಿಮ್ಮರುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿದರೆ ಅದೇ ಡಿಮ್ಮರ್ ರ್‍ಯಾಕು. ಕನ್ನಡದಲ್ಲಿ ಇದಕ್ಕೊಂದು ಹೆಸರು ಕಟ್ಟಲು ನಾನು ಒಂದೆರಡು ದಿನ ಹೆಣಗಿದ್ದುಂಟು. ‘ಮಂದಕ’ ಎಂದು ಸೂಚಿಸಿದಾಗ ಹುಡುಗರು ನನ್ನ ಮುಖವನ್ನೇ ನೋಡಿದರು. ಅಲ್ಲಿಗೆ ಬಿಟ್ಟೆ.

ನಮ್ಮ ಹಿರಿಯರ ಆಟಗಳಿಗೆ ಈ ಚಿಂತೆ ಇರಲಿಲ್ಲ. ದೊಂದಿಯ ಬೆಳಕಿನಲ್ಲಿ ನಡೆಯುತ್ತಿದ್ದ ಯಕ್ಷಗಾನದಲ್ಲಿ ಬೆಳಕು ತಾನಾಗಿ ಏರುತ್ತಿತ್ತು, ತಾನಾಗಿ ಇಳಿಯುತ್ತಿತ್ತು; ಗಾಳಿಯೇ ಅದರ ಸೂತ್ರಧಾರ. ಪೆಟ್ರೋಮ್ಯಾಕ್ಸ್ ಬಂದ ಮೇಲೆ ಬೆಳಕು ಬಿಳುಪಾಯಿತು, ನಿಶ್ಚಲವಾಯಿತು, ಹೊರಗಿನ ಹುಳುಗಳನ್ನೆಲ್ಲ ಭಾಗವತರ ಮುಂದಕ್ಕೆ ಕರೆತಂದಿತು. ಪಶ್ಚಿಮದಲ್ಲಿ ಹತ್ತೊಂಬತ್ತನೆಯ ಶತಮಾನದ ನಾಟಕಶಾಲೆಗಳು ಅನಿಲದೀಪದಿಂದ ಬೆಳಗುತ್ತಿದ್ದುವು. ಅಲ್ಲಿ ಒಂದು ಮೇಜಿನ ಮೇಲೆ ಕೊಳವೆಗಳ ತಿರುಪುಗಳನ್ನೆಲ್ಲ ಒಟ್ಟುಗೂಡಿಸಿ ಒಬ್ಬನೇ ಕುಳಿತು ಇಡೀ ರಂಗದ ಬೆಳಕನ್ನು ಏರಿಳಿಸುತ್ತಿದ್ದ. ಇಂದಿನ ಪೆಟ್ಟಿಗೆಯ ಮುತ್ತಜ್ಜ ಆ ಮೇಜು. ಲಂಡನ್ನಿನ ಸವಾಯ್ ನಾಟಕಶಾಲೆಯಲ್ಲಿ 1881ರಲ್ಲಿ ಸ್ವಾನ್ ದೀಪಗಳ ವಿದ್ಯುದ್ಬೆಳಕು ಬಂದಾಗ ಜನ ಬೆಂಕಿಗೆ ಅಂಜಿದರು. ಅದರ ಒಡೆಯ ಡಾಯ್ಲಿ ಕಾರ್ಟ್ ಉರಿಯುತ್ತಿದ್ದ ದೀಪವೊಂದಕ್ಕೆ ತೆಳುಬಟ್ಟೆ ಸುತ್ತಿ, ಪ್ರೇಕ್ಷಕರ ಕಣ್ಣೆದುರೇ ಒಡೆದು, ಬಟ್ಟೆ ಸುಡಲಿಲ್ಲವೆಂದು ತೋರಿಸಬೇಕಾಯಿತು. ಅತ್ತ ಲೈಸಿಯಮ್ ನಾಟಕಶಾಲೆಯಲ್ಲಿ ಹೆನ್ರಿ ಇರ್ವಿಂಗ್, ವಿದ್ಯುದ್ದೀಪ ಬಂದ ಮೇಲೂ, ಅನಿಲದ ಮೃದುವಾದ ಬೆಳಕನ್ನೇ ನೆಚ್ಚಿಕೊಂಡಿದ್ದ. ಅವನ ನಾಟಕಶಾಲೆಯ ವ್ಯವಹಾರ ನೋಡಿಕೊಳ್ಳುತ್ತಿದ್ದವನು ಮುಂದೆ ‘ಡ್ರಾಕುಲಾ’ ಬರೆದ ಬ್ರಾಮ್ ಸ್ಟೋಕರ್ ಎಂಬುದನ್ನು ನೆನೆದರೆ, ಕತ್ತಲೆಯ ಪರಿಚಯ ಅವನಿಗೆ ಎಲ್ಲಿ ಆಯಿತೆಂದು ಊಹಿಸುವ ಆಸೆಯಾಗುತ್ತದೆ, ಊಹೆ ಅಷ್ಟೆ.

ಇವೆಲ್ಲ ಪುಸ್ತಕದಿಂದ ತಿಳಿದದ್ದು. ಉಪ್ಪುನೀರಿನ ಡಿಮ್ಮರಿನ ಸಂಗತಿಯನ್ನು ಮಾತ್ರ ಅದನ್ನು ಕೈಯಾರೆ ಮಾಡಿದವರ ಬಾಯಿಂದಲೇ ಕೇಳಿದೆ. ನಮ್ಮ ಊರಿನ ಹವ್ಯಾಸಿ ನಾಟಕದವರೆಲ್ಲ ಅವರನ್ನು ‘ಲೈಟಿನ ರಾಯರು’ ಎನ್ನುತ್ತಾರೆ; ಇಲ್ಲಿಯೂ ಆ ಹೆಸರು ಸಾಕು. ಎಪ್ಪತ್ತು ದಾಟಿದ ವಯಸ್ಸು, ಸಣಕಲು ದೇಹ, ಜೇಬಿನಲ್ಲಿ ಸದಾ ಒಂದು ಟೆಸ್ಟರು. ವಿದ್ಯುತ್ತಿನ ಪೆಟ್ಟಿಗೆಯ ಮುಂದೆ ನಿಂತಾಗ ಅವರ ಎಡಗೈ ತಾನಾಗಿ ಹಿಂದಕ್ಕೆ ಹೋಗುತ್ತದೆ. ಎರಡು ಕೈಯೂ ಮುಂದಿದ್ದರೆ ಎದೆಯ ಮೂಲಕ ಕರೆಂಟು ಹಾದುಹೋದೀತೆಂಬ ಎಚ್ಚರ, ಐವತ್ತು ವರ್ಷದಲ್ಲಿ ಮೈಗೂಡಿದ್ದು.

ರಾಯರ ಯೌವನದಲ್ಲಿ, ಎಪ್ಪತ್ತರ ದಶಕದಲ್ಲಿ, ಡಿಮ್ಮರನ್ನು ಕೊಳ್ಳುವ ಶಕ್ತಿ ಹವ್ಯಾಸಿ ತಂಡಗಳಿಗೆ ಎಲ್ಲಿಂದ ಬರಬೇಕು? ಚರಂಡಿಗೆ ಹಾಕುವ ಪಿಂಗಾಣಿ ಕೊಳವೆಯ ಒಂದು ಬಾಯನ್ನು ಸಿಮೆಂಟಿನಿಂದ ಮುಚ್ಚಿ, ತಳದಲ್ಲಿ ಒಂದು ಲೋಹದ ತಗಡು ಇಟ್ಟು, ಉಪ್ಪುನೀರು ತುಂಬಿ, ಮೇಲಿನಿಂದ ಇನ್ನೊಂದು ತಗಡನ್ನು ಹಗ್ಗದಲ್ಲಿ ಇಳಿಬಿಡುವುದು. ತಗಡುಗಳು ದೂರವಿದ್ದಷ್ಟು ನಡುವೆ ನೀರು ಹೆಚ್ಚು, ಕರೆಂಟಿಗೆ ಅಡ್ಡಿ ಹೆಚ್ಚು, ದೀಪ ಮಂದ. ಹತ್ತಿರ ಬಂದಷ್ಟು ಪ್ರಖರ. ಹಗ್ಗವನ್ನು ನಿಧಾನವಾಗಿ ಎಳೆದರೆ ಸೂರ್ಯ ಮುಳುಗುತ್ತಿದ್ದ. “ಉಪ್ಪು ಎಷ್ಟು ಹಾಕಬೇಕು ಅನ್ನೋದೇ ವಿದ್ಯೆ, ಮೇಷ್ಟ್ರೇ,” ಎಂದರು ರಾಯರು. “ಕಡಿಮೆಯಾದರೆ ದೀಪ ಪೂರ್ತಿ ಏಳುವುದಿಲ್ಲ. ಹೆಚ್ಚಾದರೆ ಪೂರ್ತಿ ಆರುವುದಿಲ್ಲ. ಸಾರಿಗೆ ಹಾಕಿದ ಹಾಗೆ ಚಿಟಿಕೆ ಚಿಟಿಕೆ ಹಾಕಿ ನೋಡಬೇಕು.” ಆಟ ಸಾಗಿದಂತೆ ನೀರು ಬಿಸಿಯಾಗಿ, ಕೊನೆಯ ಅಂಕದ ಹೊತ್ತಿಗೆ ಕೊತಕೊತ ಕುದಿಯುತ್ತಿತ್ತಂತೆ. ನಾಯಕಿ ಈಚೆ ಕಣ್ಣೀರಿಡುತ್ತಿದ್ದರೆ ಆಚೆ ಪಕ್ಕದ ಪರದೆಯ ಮರೆಯಿಂದ ಆವಿ ಏಳುತ್ತಿತ್ತು. ಆ ನೀರಿನಲ್ಲಿ ಮನೆಯ ಕರೆಂಟೇ ಹರಿಯುತ್ತಿತ್ತೆಂಬುದನ್ನು ವಾಚಕರು ಮರೆಯಬಾರದು. ಕತ್ತಲೆಯಲ್ಲಿ ಯಾರಾದರೂ ಕಾಲು ತಗುಲಿಸಿದ್ದರೆ ನಾಟಕ ಅಲ್ಲಿಗೇ ಮುಗಿಯುತ್ತಿತ್ತು. ರಾಯರು ಅದನ್ನು ನಗುತ್ತ ಹೇಳಲಿಲ್ಲ.

ಇಷ್ಟು ಬಡ ಸಲಕರಣೆಗಳಿಂದ ನಮ್ಮ ದೇಶದವರು ಮಾಡಿದ ಕೆಲಸ ಮಾತ್ರ ಬಡದಲ್ಲ. ಕಲ್ಕತ್ತೆಯ ಮಿನರ್ವಾ ನಾಟಕಶಾಲೆಯಲ್ಲಿ 1959ರಲ್ಲಿ ಉತ್ಪಲ ದತ್ತರು ಆಡಿಸಿದ ‘ಅಂಗಾರ್’ ನಾಟಕದ ಕೊನೆಯಲ್ಲಿ ಕಲ್ಲಿದ್ದಲ ಗಣಿಯೊಳಕ್ಕೆ ನೀರು ನುಗ್ಗಿ ಕೆಲಸಗಾರರು ಮುಳುಗುವ ದೃಶ್ಯವನ್ನು ತಾಪಸ ಸೇನರು ಬೆಳಕಿನಿಂದಲೇ ಮೂಡಿಸಿದರು. ರಂಗದ ಮೇಲೆ ಒಂದು ಹನಿ ನೀರಿರಲಿಲ್ಲ. ಇದನ್ನು ತರಗತಿಯಲ್ಲಿ ಈಗ ತಪ್ಪದೆ ಹೇಳುತ್ತೇನೆ. ಮೊದಲು ಹೇಳುತ್ತಿರಲಿಲ್ಲ.

ನಮ್ಮ ಸಭಾಂಗಣದ ಪೆಟ್ಟಿಗೆಗಳಲ್ಲಿ ಇದ್ದದ್ದು ಥೈರಿಸ್ಟರ್ ಎಂಬ ಸಾಧನ. ಅಮೆರಿಕದಲ್ಲಿ 1957ರಲ್ಲಿ ಹೊರಬಂದ ಈ ಸಣ್ಣ ಬಿಲ್ಲೆ ರಂಗದ ಬೆಳಕಿನ ಚರಿತ್ರೆಯನ್ನೇ ತಿರುಗಿಸಿತು. ಹಳೆಯ ಡಿಮ್ಮರುಗಳು ಹೆಚ್ಚಿನ ಕರೆಂಟನ್ನು ತಾವೇ ನುಂಗಿ ಶಾಖವಾಗಿ ಕಾರುತ್ತಿದ್ದುವು. ಥೈರಿಸ್ಟರ್ ಹಾಗಲ್ಲ, ಅದು ಬಾಗಿಲು ಕಾಯುವ ಆಳು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ಐವತ್ತು ಸಲ ಹಿಂದುಮುಂದಾಗಿ ಹರಿಯುತ್ತದೆ. ಎಂದರೆ ಸೆಕೆಂಡಿಗೆ ನೂರು ಅಲೆ. ಈ ಆಳು ಪ್ರತಿಯೊಂದು ಅಲೆಯ ಆರಂಭದಲ್ಲಿ ಬಾಗಿಲು ಮುಚ್ಚಿರುತ್ತಾನೆ. ಅಲೆ ಸ್ವಲ್ಪ ದೂರ ಹೋದ ಮೇಲೆ ತೆರೆಯುತ್ತಾನೆ. ಬೇಗ ತೆರೆದರೆ ದೀಪ ಪ್ರಖರ, ತಡವಾಗಿ ತೆರೆದರೆ ಮಂದ. ಸೆಕೆಂಡಿಗೆ ನೂರು ಸಲ ಹೀಗೆ ಕತ್ತರಿಸಿದರೂ ದೀಪದ ತಂತುವಿಗೆ ತಣ್ಣಗಾಗಲು ಬಿಡುವಿಲ್ಲವಾದ್ದರಿಂದ ಕಣ್ಣಿಗೆ ಅದು ಒಂದೇ ಸಮನಾದ ಬೆಳಕು. ಆದರೆ ಥಟ್ಟನೆ ತೆರೆದ ಬಾಗಿಲಿನಿಂದ ಕರೆಂಟು ನುಗ್ಗಿದರೆ ತಂತು ನಡುಗಿ ಹಾಡತೊಡಗುತ್ತದೆ, ಧ್ವನಿವರ್ಧಕದಲ್ಲಿಯೂ ಗೊರಗೊರ ಕೇಳಿಸುತ್ತದೆ. ಆ ನುಗ್ಗಾಟವನ್ನು ಹದಗೊಳಿಸಲು ತಾಮ್ರದ ದಪ್ಪ ಸುರುಳಿಯೊಂದನ್ನು ಇಡುತ್ತಾರೆ. ಪೆಟ್ಟಿಗೆಯಲ್ಲಿ ನಾನು ಕೇಳುತ್ತಿದ್ದ ಜೇನುಗೂಡಿನ ಸದ್ದು ಬಹುಮಟ್ಟಿಗೆ ಈ ಸುರುಳಿಗಳದು.

ಒಂದೊಂದು ಪೆಟ್ಟಿಗೆಯಲ್ಲಿ ಹನ್ನೆರಡು ಚಾನೆಲು. ಚಾನೆಲೊಂದಕ್ಕೆ ಎರಡು ಸಾವಿರ ವ್ಯಾಟಿನ ದೀಪಗಳನ್ನು ಹೊರುವ ಶಕ್ತಿ. ದೂರದ ಮೇಜಿನಿಂದ ಒಂದು ತೆಳುವಾದ ಕೇಬಲ್ಲಿನಲ್ಲಿ ಆಜ್ಞೆ ಬರುತ್ತದೆ. ಈ ಆಜ್ಞೆಯ ಭಾಷೆಯನ್ನು 1986ರಲ್ಲಿ ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯೊಂದು ಗೊತ್ತುಮಾಡಿತು. ಡಿಎಮ್‌ಎಕ್ಸ್ 512 ಎಂದು ಅದರ ಹೆಸರು. ಒಂದು ತಂತಿಯ ಮೇಲೆ 512 ಚಾನೆಲುಗಳಿಗೆ, ಒಂದೊಂದಕ್ಕೂ ಸೊನ್ನೆಯಿಂದ 255ರವರೆಗಿನ ಒಂದೊಂದು ಅಂಕಿ, ಎಡೆಬಿಡದೆ ಹರಿದುಬರುತ್ತಿರುತ್ತದೆ. ಎಲ್ಲ ಪೆಟ್ಟಿಗೆಗಳೂ ಎಲ್ಲವನ್ನೂ ಕೇಳಿಸಿಕೊಳ್ಳುತ್ತವೆ. ತನ್ನ ವಿಳಾಸದಿಂದ ಮೊದಲಾದ ಹನ್ನೆರಡು ಅಂಕಿಗಳನ್ನು ಮಾತ್ರ ಪ್ರತಿಯೊಂದೂ ಎತ್ತಿಕೊಳ್ಳುತ್ತದೆ. ಆದ್ದರಿಂದ ಮೊದಲ ಪೆಟ್ಟಿಗೆಯ ವಿಳಾಸ 1 ಆದರೆ ಎರಡನೆಯದರದು 13 ಆಗಬೇಕು. ಅವಸರದಲ್ಲಿ 12 ಎಂದು ಇಟ್ಟರೆ ಒಂದೇ ಅಂಕಿಗೆ ಎರಡು ದೀಪಗಳು ಓಗೊಡುತ್ತವೆ. ಋಷಿಗಾಗಿ ಇಟ್ಟ ಬೆಳಕು ಕಾಡಿನ ಮೇಲೆಯೂ ಬೀಳುತ್ತದೆ. ಕೊನೆಯ ಪೆಟ್ಟಿಗೆಯಲ್ಲಿ 120 ಓಮಿನ ಒಂದು ಪುಟ್ಟ ತಡೆಯನ್ನು ಸಿಕ್ಕಿಸದಿದ್ದರೆ ಆಜ್ಞೆ ತಂತಿಯ ತುದಿಗೆ ಬಡಿದು ಪ್ರತಿಧ್ವನಿಯಂತೆ ಹಿಂದಿರುಗಿ, ದೀಪಗಳು ಕಾರಣವಿಲ್ಲದೆ ಮಿಣುಕುವುದುಂಟು. ಇವೆಲ್ಲ ಈಗ ನನಗೆ ಬಾಯಿಪಾಠ. ಆಗ ನಮ್ಮ ಕಾಲೇಜಿನಲ್ಲಿ ಇದನ್ನು ಬಲ್ಲವನು ಒಬ್ಬನೇ; ಬಿ.ಎಸ್‌ಸಿ. ಎರಡನೆಯ ವರ್ಷದ ಒಬ್ಬ ಹುಡುಗ.

ಆ ವರ್ಷ ಅಂತರಕಾಲೇಜು ಸ್ಪರ್ಧೆ ನಮ್ಮ ಸಭಾಂಗಣದಲ್ಲಿಯೇ ನಡೆಯುವುದಿತ್ತು. ಅಹಲ್ಯೆಯನ್ನು ಕುರಿತು ನಾನೇ ಬರೆದ ಏಕಾಂಕವನ್ನು ನಮ್ಮ ಹುಡುಗರು ಆಡುವುದೆಂದಾಯಿತು. ಇಂದ್ರ ಕೋಳಿಯಂತೆ ಕೂಗಿ ಹುಸಿಬೆಳಗನ್ನು ಮೂಡಿಸುತ್ತಾನೆ, ಗೌತಮ ಹೊಳೆಗೆ ಹೋಗುತ್ತಾನೆ ಎಂಬ ಜನಜನಿತ ಕಥೆಯಿಂದ ನನ್ನ ನಾಟಕ ಹೊರಡುತ್ತದೆ; ಕೊನೆಯಲ್ಲಿ ನಿಜವಾದ ಬೆಳಗು ಬರುತ್ತದೆ. ಹುಸಿಬೆಳಗು ನೀಲಿಯಲ್ಲಿ, ನಿಜವಾದದ್ದು ಕೆಂಪು-ಕಿತ್ತಳೆಯಲ್ಲಿ ಎಂದು ನಾನು ಹಸ್ತಪ್ರತಿಯ ಅಂಚಿನಲ್ಲಿ ಬರೆದಿದ್ದೆ. ಬರೆದದ್ದಷ್ಟೇ, ಅದು ಹೇಗೆ ಆಗಬೇಕೆಂದು ಯೋಚಿಸಿದವನು ಆ ಹುಡುಗ. ಏಣಿ ಹತ್ತಿ ದೀಪಗಳಿಗೆ ಬಣ್ಣದ ಹಾಳೆ ಸಿಕ್ಕಿಸಿದ, ಎರಡು ರಾತ್ರಿ ಅಲ್ಲಿಯೇ ಮಲಗಿದ. ತಾಲೀಮಿನ ಮೂರನೆಯ ಸಂಜೆ ನನ್ನ ಬಳಿ ಬಂದು, “ಸರ್, ಕೆಂಪು ಏರಿಸಿದರೆ ನೀಲಿ ತಾನಾಗಿಯೇ ಸ್ವಲ್ಪ ಏರುತ್ತದೆ. ನಾನು ಮುಟ್ಟಿರುವುದಿಲ್ಲ,” ಎಂದ. ನಾನು ಗೌತಮನ ಪಾತ್ರಧಾರಿಗೆ ಮಹಾಪ್ರಾಣ ತಿದ್ದುತ್ತಿದ್ದೆ. “ಕಣ್ಣಿಗೆ ಹಾಗೆ ಕಾಣುತ್ತದಯ್ಯಾ, ನಿದ್ದೆ ಕಡಿಮೆಯಾಗಿದೆ ನಿನಗೆ,” ಎಂದೆ. ಅವನು ಇನ್ನೊಮ್ಮೆ ಹೇಳಲಿಲ್ಲ.

ಪ್ರದರ್ಶನದ ರಾತ್ರಿ ನಮ್ಮದು ಕೊನೆಯ ನಾಟಕ. ಅದಕ್ಕೆ ಮುಂಚೆ ಮೂರು ತಂಡದವರು ಅದೇ ಪೆಟ್ಟಿಗೆಗಳನ್ನು ಗಂಟೆಗಟ್ಟಲೆ ದುಡಿಸಿದ್ದರು. ಕೊನೆಯ ದೃಶ್ಯಕ್ಕೆ ಬಂದೆವು. ಅಹಲ್ಯೆ ಒಬ್ಬಳೇ ಕುಳಿತಿದ್ದಾಳೆ. ಅವಳ ಮುಖದ ಮೇಲೆ ಒಂದೇ ಒಂದು ದೀಪ. ಹಿಂದೆ ಬೆಳಗಾಗಬೇಕು. ಕೆಂಪು ಏರಿತು, ಕಿತ್ತಳೆ ಏರತೊಡಗಿತು. ಆಗ ಮುಖದ ಮೇಲಿನ ದೀಪ ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವಂತೆ ಬೆಳ್ಳಗಾಯಿತು. ಹುಡುಗಿ ಕಣ್ಣು ಮುಚ್ಚಿಕೊಂಡಳು. ಎರಡು ಉಸಿರಿನಷ್ಟು ಹೊತ್ತಿನಲ್ಲಿ ಫಟ್ಟೆಂದು ಸದ್ದಾಗಿ ಅವಳ ಮುಖ ಕತ್ತಲೆಯಲ್ಲಿ ಮುಳುಗಿತು. ನಾಟಕದ ಅತ್ಯಂತ ಒಳ್ಳೆಯ ಮಾತುಗಳು (ನನ್ನ ಎಣಿಕೆಯಲ್ಲಿ) ಅಲ್ಲಿದ್ದುವು. ಅವಳು ಅವನ್ನು ಕತ್ತಲೆಯಲ್ಲಿ ಕುಳಿತೇ, ತಡವರಿಸದೆ, ಹೇಳಿ ಮುಗಿಸಿದಳು.

ಪರದೆ ಬಿದ್ದ ಕೂಡಲೆ ನಾನು ಬೆಳಕಿನ ಮೇಜಿನ ಬಳಿಗೆ ಹೋದೆ. ಇಪ್ಪತ್ತು ಜನರೆದುರಿಗೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಯಾವ ಹಿಡಿ ಯಾವ ದೀಪದ್ದೆಂದು ತಿಳಿಯದವನು ರಂಗದ ಹತ್ತಿರ ಸುಳಿಯಬಾರದು ಎಂಬುದು ಅವುಗಳಲ್ಲಿ ಮೃದುವಾದದ್ದು. ಹುಡುಗ, “ನಾನು ಅದನ್ನು ಮುಟ್ಟಲಿಲ್ಲ, ಸರ್,” ಎಂದ. ಸುಳ್ಳು ಬೇರೆ ಹೇಳುತ್ತೀಯಾ ಎಂದೆ. ಆಮೇಲೆ ತೀರ್ಪುಗಾರರಲ್ಲೊಬ್ಬರು ವೇದಿಕೆಯ ಮೇಲೆ, ಕೊನೆಯಲ್ಲಿ ಅಹಲ್ಯೆಯ ಮುಖವನ್ನು ಕತ್ತಲೆಯಲ್ಲಿ ಮುಳುಗಿಸಿದ ಸಾಂಕೇತಿಕತೆಯನ್ನು ಹೊಗಳಿದರು. ನಾನು ಎದ್ದುನಿಂತು ಕೈಮುಗಿದು ಆ ಹೊಗಳಿಕೆಯನ್ನು ಸ್ವೀಕರಿಸಿದೆ. ಅನ್ಯಾಯ ಮಾಡಿದ ಅರ್ಧ ಗಂಟೆಯೊಳಗೆ ಅದರ ಫಲವನ್ನೂ ಉಣ್ಣುವುದು ಎಲ್ಲರಿಗೂ ಸಾಧ್ಯವಾಗುವುದಿಲ್ಲ.

ಹುಡುಗ ಮರುದಿನದಿಂದ ನಾಟಕ ಸಂಘದ ಕಡೆಗೆ ಬರಲಿಲ್ಲ.

ಮಾರ್ಚಿಯಲ್ಲಿ ಕಾಲೇಜಿನ ವಾರ್ಷಿಕೋತ್ಸವಕ್ಕೆ ತಯಾರಿ ನಡೆಯುತ್ತಿದ್ದಾಗ ಮತ್ತೆ ಎರಡು ದೀಪಗಳು ಒಡೆದುವು, ಧ್ವನಿವರ್ಧಕದ ಯಂತ್ರವೊಂದು ಹೊಗೆಯಾಡಿತು. ಈ ಸಲ ಬೆಳಕು ನೋಡಿಕೊಳ್ಳುತ್ತಿದ್ದವನು ಬೇರೆ ಹುಡುಗ. ಬೈಯಲು ಹಳೆಯ ಕಾರಣ ಉಳಿದಿರಲಿಲ್ಲ. ಲೈಟಿನ ರಾಯರನ್ನು ಕರೆಸಿದೆವು. ಸಾಂಸ್ಕೃತಿಕ ಸಮಿತಿಯ ಕಾರ್ಯದರ್ಶಿಯಾದ ತಪ್ಪಿಗೆ ಟಾರ್ಚು ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು.

ಅವರು ಮೊದಲು ಯಾವ ಪೆಟ್ಟಿಗೆಯನ್ನೂ ತೆರೆಯಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು, ಏನೇನಾಯಿತು ಹೇಳಿ ಎಂದರು. ಹೇಳಿದೆ. “ದೋಷ ಅನ್ನೋದು ಒಂದು ಕಡೆ ಕೂತಿರುತ್ತದೆ, ಇನ್ನೊಂದು ಕಡೆ ಕೂಗುತ್ತದೆ,” ಎಂದರು. “ಅದು ಎಲ್ಲಿ ಕೂತಿದೆ ಅಂತ ನೋಡಬೇಕಾದರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡು ಬದಲಾಯಿಸಿದರೆ ಕೆಟ್ಟದ್ದು ರಿಪೇರಿಯಾದರೂ ಯಾಕಾಯಿತು ಅಂತ ಗೊತ್ತಾಗುವುದಿಲ್ಲ.” ಒಂದು ದೀಪವನ್ನು ಒಂದು ಚಾನೆಲಿನಿಂದ ಕಿತ್ತು ಇನ್ನೊಂದಕ್ಕೆ ಹಾಕಿಸಿದರು. ದೋಷ ದೀಪದೊಂದಿಗೆ ಹೋದರೆ ದೀಪದ್ದು ಇಲ್ಲವೇ ಅದರ ಕೇಬಲ್ಲಿನದು. ಚಾನೆಲಿನಲ್ಲಿಯೇ ಉಳಿದರೆ ಡಿಮ್ಮರಿನದು. ಒಂದು ದೀಪ ಎಷ್ಟು ತಗ್ಗಿಸಿದರೂ ತಗ್ಗದೆ ಪೂರ್ತಿ ಉರಿಯುತ್ತಲೇ ಇದ್ದರೆ ಥೈರಿಸ್ಟರ್ ಸುಟ್ಟು ಬಾಗಿಲು ತೆರೆದೇ ಉಳಿದಿದೆ ಎಂದರ್ಥ. ನಮ್ಮಲ್ಲಿ ದೋಷ ಎರಡರೊಂದಿಗೂ ಹೋಗಲಿಲ್ಲ, ಎಲ್ಲೆಲ್ಲಿಯೂ ಇತ್ತು.

ಆಗ ನನಗೆ ಆ ಹುಡುಗನ ಮಾತು ನೆನಪಾಯಿತು. ಕೆಂಪು ಏರಿಸಿದರೆ ನೀಲಿ ತಾನಾಗಿ ಏರುತ್ತದೆಂದು ಒಬ್ಬ ಹೇಳಿದ್ದ ಎಂದೆ. ವಿಳಾಸ ತಪ್ಪಿರಬಹುದಲ್ಲವೇ ಎಂದು, ಆಗತಾನೆ ಕಲಿತ ವಿದ್ಯೆಯನ್ನೂ ತೋರಿಸಿದೆ. ರಾಯರು ಎದ್ದುನಿಂತರು. ನೀಲಿಯನ್ನು ಪೂರ್ತಿ ಆರಿಸಿ ಕೆಂಪನ್ನು ಏರಿಸಲು ಹೇಳಿದರು. ನೀಲಿ ಹೊತ್ತಲಿಲ್ಲ. ನೀಲಿಯನ್ನು ಅರ್ಧಕ್ಕೆ ತಂದು ಮತ್ತೆ ಕೆಂಪನ್ನು ಏರಿಸಿದರು. ನೀಲಿ, ಯಾರೂ ಮುಟ್ಟದೆ, ಕಣ್ಣಿಗೆ ಕಾಣುವಂತೆ ಏರಿತು. “ವಿಳಾಸ ತಪ್ಪಾಗಿದ್ದರೆ ಆರಿದ್ದ ದೀಪವೂ ಹೊತ್ತಬೇಕಿತ್ತು. ಇದು ಹೊತ್ತಿದ್ದು ಮಾತ್ರ ಉಬ್ಬುತ್ತಿದೆ,” ಎಂದರು. ಮೀಟರಿನ ಒಂದು ಕಡ್ಡಿಯನ್ನು ನ್ಯೂಟ್ರಲ್ಲಿಗೂ ಇನ್ನೊಂದನ್ನು ಅರ್ತಿಗೂ ಇಟ್ಟರು. ಆ ಎರಡರ ನಡುವೆ ಒಂದೆರಡು ವೋಲ್ಟಿಗಿಂತ ಹೆಚ್ಚು ಇರಬಾರದಂತೆ. ಕೆಂಪು ಏರಿದಂತೆ ಮೀಟರು ಮೂವತ್ತು, ನಲವತ್ತು, ಅರವತ್ತು ಎಂದು ಏರುತ್ತ ಹೋಯಿತು. “ಆ ಹುಡುಗ ಯಾರು?” ಎಂದು ಕೇಳಿದರು. “ಅವನು ಸರಿಯಾಗಿಯೇ ಹೇಳಿದ್ದಾನೆ. ನೀವು ಅವತ್ತೇ ನನ್ನನ್ನು ಕರೆಸಬೇಕಿತ್ತು.” ನಾನು ಟಾರ್ಚನ್ನು ಬೇರೆ ಕಡೆ ತಿರುಗಿಸಿದೆ.

ದೊಡ್ಡ ಸಭಾಂಗಣಗಳಿಗೆ ಕರೆಂಟು ಮೂರು ಫೇಸುಗಳಲ್ಲಿ ಬರುತ್ತದೆ. ಹೋದ ಕರೆಂಟೆಲ್ಲ ಹಿಂದಿರುಗುವುದಕ್ಕೆ ನ್ಯೂಟ್ರಲ್ ಎಂಬ ಒಂದು ಸಾಮಾನ್ಯ ತಂತಿ ಇರುತ್ತದೆ. ಒಂದೊಂದು ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 240 ವೋಲ್ಟು. ಫೇಸು ಫೇಸಿನ ನಡುವೆ 415. ಈ ನ್ಯೂಟ್ರಲ್ ಗಟ್ಟಿಯಾಗಿರುವವರೆಗೆ ಒಬ್ಬರ ಗೊಡವೆ ಇನ್ನೊಬ್ಬರಿಗಿಲ್ಲ. ಅದು ಸಡಿಲವಾದರೆ ಮೂರು ಫೇಸಿನ ದೀಪಗಳೂ ಒಂದೇ ಹಗ್ಗವನ್ನು ಮೂರು ಕಡೆಗೆ ಎಳೆಯುವವರಂತೆ ಆಗುತ್ತವೆ. ಹೆಚ್ಚು ದೀಪಗಳಿರುವ ಫೇಸುಗಳು ನಡುವಣ ಗಂಟನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ. ಒಂಟಿ ದೀಪವಿರುವ ಫೇಸಿನ ಮೇಲೆ 240ರ ಬದಲು 350 ವೋಲ್ಟಿನವರೆಗೂ ಬಂದು ಬೀಳಬಹುದು. ಅಹಲ್ಯೆಯ ಮುಖದ ದೀಪ ಒಂದು ಫೇಸಿನಲ್ಲಿ ಒಂಟಿಯಾಗಿತ್ತು. ಮಿಕ್ಕ ಎರಡು ಫೇಸುಗಳಲ್ಲಿ ನನ್ನ ನಿಜವಾದ ಬೆಳಗು ಮೂಡುತ್ತಿತ್ತು. ಬೆಳಗು ಏರಿದಷ್ಟೂ ಆ ದೀಪ ಸಾಯಲೇಬೇಕಾಗಿತ್ತು. ಹುಡುಗ ನಾನು ಬರೆದುಕೊಟ್ಟದ್ದನ್ನು ಅಕ್ಷರಶಃ ಮಾಡಿದ್ದ.

ರಾಯರು ಮೇನ್ ಸ್ವಿಚ್ಚನ್ನು ಇಳಿಸಿ, ಫ್ಯೂಸುಗಳನ್ನು ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡರು. ತಾವು ಒಳಗೆ ಕೈಯಿಟ್ಟಿರುವಾಗ ಬೇರೆ ಯಾರೂ ಹಾಕದಿರಲೆಂದು. ಟೆಸ್ಟರನ್ನು ಬೇರೊಂದು ಕಡೆ ಕರೆಂಟಿಗೆ ಹಿಡಿದು ಅದು ಸರಿಯಿದೆಯೆಂದು ನೋಡಿ, ಇಲ್ಲಿ ಹಿಡಿದು ಕರೆಂಟಿಲ್ಲವೆಂದು ನೋಡಿ, ಆಮೇಲೆ ಪೆಟ್ಟಿಗೆಯ ಹಿಂಬದಿಯನ್ನು ತೆರೆದರು. ಒಂದು ಒಣಗಿದ ಹಲ್ಲಿ ಬಿತ್ತು. ನ್ಯೂಟ್ರಲ್ಲಿನ ಲಗ್ಗು ಕಂದಿ ಕಪ್ಪಾಗಿತ್ತು. ಅದನ್ನು ಹಿಡಿದಿದ್ದ ಪ್ಲಾಸ್ಟಿಕ್ಕು ಮೇಣದಂತೆ ಕರಗಿ ಇಳಿದಿತ್ತು. ಬೆರಳಿನಿಂದ ಮುಟ್ಟಿದರೆ ತಂತಿ ಅಲುಗಾಡಿತು.

ಅದು ಹಾಗೇಕಾಯಿತೆಂಬುದೇ ನನಗೆ ಈ ಪ್ರಕರಣದಲ್ಲಿ ಅತ್ಯಂತ ಸ್ವಾರಸ್ಯವಾಗಿ ಕಂಡದ್ದು. ಮೂರು ಫೇಸಿನಲ್ಲಿಯೂ ಸಾಧಾರಣ ದೀಪಗಳು ಸಮನಾಗಿ ಉರಿಯುತ್ತಿದ್ದರೆ ಹಿಂದಿರುಗುವ ಕರೆಂಟುಗಳು ಒಂದನ್ನೊಂದು ಕಳೆದುಕೊಂಡು ನ್ಯೂಟ್ರಲ್ಲಿನಲ್ಲಿ ಏನೂ ಉಳಿಯುವುದಿಲ್ಲ. ಈ ನಂಬಿಕೆಯ ಮೇಲೆ ನಮ್ಮಲ್ಲಿ ‘ಮೂರೂವರೆ ಕೋರ್’ ಕೇಬಲ್ ಎಂಬುದನ್ನು ಬಳಸುತ್ತಾರೆ: ಮೂರು ಫೇಸಿಗೆ ಮೂರು ಪೂರ್ತಿ ತಂತಿ, ನ್ಯೂಟ್ರಲ್ಲಿಗೆ ಸುಮಾರು ಅರ್ಧದಷ್ಟೇ ದಪ್ಪದ ತಂತಿ. ಸಾಮಾನ್ಯ ಕಟ್ಟಡಕ್ಕೆ ಅದು ಸಾಕು. ಆದರೆ ಥೈರಿಸ್ಟರ್ ಅಲೆಗಳನ್ನು ಕತ್ತರಿಸುತ್ತದಲ್ಲವೇ. ಕತ್ತರಿಸಿದ ತುಂಡುಗಳು ಒಂದನ್ನೊಂದು ಪೂರ್ತಿಯಾಗಿ ಕಳೆದುಕೊಳ್ಳಲಾರವು. ದೀಪಗಳೆಲ್ಲ ಅರ್ಧ ಮಟ್ಟದಲ್ಲಿರುವಾಗ ಅವು ನ್ಯೂಟ್ರಲ್ಲಿನಲ್ಲಿ ಒಟ್ಟುಗೂಡಿ, ಯಾವುದೇ ಒಂದು ಫೇಸಿನಲ್ಲಿ ಹರಿಯುವುದಕ್ಕಿಂತಲೂ ಹೆಚ್ಚಾಗಿ ಹರಿಯುತ್ತವೆ. ಎಂದರೆ, ಅತ್ಯಂತ ಸಣ್ಣ ತಂತಿಯ ಮೇಲೆ ಅತ್ಯಂತ ದೊಡ್ಡ ಹೊರೆ. ದೀಪಗಳು ಪೂರ್ಣ ಉರಿಯುವಾಗಲ್ಲ. ತಗ್ಗಿ, ಸಂಜೆಯಂತೆ, ನಸುಕಿನಂತೆ ಮಂದವಾಗಿ, ನಮಗೆ ರಸಾವಿಷ್ಟವಾಗಿ ಕಾಣುವಾಗಲೇ ಹಿಂದೆ ಆ ತಂತಿ ಬೇಯುತ್ತಿರುತ್ತದೆ. ಯಾರು ಹಾಕಿಸಿದ ಕೇಬಲ್ಲೋ, ಎಷ್ಟು ವರ್ಷದ್ದೋ, ಬಿಲ್ಲು ಪಾಸಾಗಿತ್ತು.

ಈಚೆಗೆ ನಮ್ಮ ಸಭಾಂಗಣಕ್ಕೆ ಎಲ್‌ಇಡಿ ದೀಪಗಳು ಬಂದಿವೆ. ಅವಕ್ಕೆ ಈ ಪೆಟ್ಟಿಗೆ ಬೇಡ. ಬೇಡವಷ್ಟೇ ಅಲ್ಲ, ಡಿಮ್ಮರಿನ ಚಾನೆಲಿಗೆ ಅವನ್ನು ಸಿಕ್ಕಿಸಿದರೆ ಹಾಳಾಗುತ್ತವೆ. ಕರೆಂಟು ಉಳಿಯುತ್ತದೆ, ಬಣ್ಣದ ಹಾಳೆ ಸುಡುವುದಿಲ್ಲ, ಏಣಿ ಹತ್ತುವುದು ಕಡಿಮೆ. ಇವೆಲ್ಲ ಒಪ್ಪತಕ್ಕ ಮಾತು. ಆದರೂ ಒಂದು ವ್ಯತ್ಯಾಸ ನನ್ನ ಕಣ್ಣಿಗೆ ಬೀಳದೆ ಇರುವುದಿಲ್ಲ. ತಂತುವಿನ ದೀಪ ತಗ್ಗಿದಂತೆ ಕೆಂಪೇರುತ್ತದೆ, ಒಲೆಯ ಕೆಂಡ ಆರುವಂತೆ. ಸಾಧಾರಣ ಎಲ್‌ಇಡಿ ತಗ್ಗಿದಾಗ ಕಡಿಮೆಯಾಗುತ್ತದೆ, ಅಷ್ಟೆ; ಸಂಬಳ ಕಡಿತವಾದಂತೆ. ಇರ್ವಿಂಗನ ಹಟ ನನಗೆ ಈಗ ಅರ್ಥವಾಗುತ್ತದೆ. ಹಳೆಯ ಪೆಟ್ಟಿಗೆಗಳಲ್ಲೊಂದನ್ನು ಅಲ್ಲಿಯೇ ಉಳಿಸಿಕೊಂಡಿದ್ದೇವೆ.

ಹುಡುಗನನ್ನು ಹುಡುಕಿಕೊಂಡು ಹೋದದ್ದು ಜೂನಿನಲ್ಲಿ. ಅಷ್ಟು ತಡವೇಕೆಂದರೆ, ಮೌಲ್ಯಮಾಪನವಿತ್ತು ಎನ್ನಬಹುದು. ಧೈರ್ಯವಿರಲಿಲ್ಲ ಎನ್ನುವುದು ಹೆಚ್ಚು ನಿಜ. ರಜೆಯಲ್ಲಿ ಅವನು ಪೇಟೆಯ ಶಾಮಿಯಾನದ ಅಂಗಡಿಯಲ್ಲಿ ಮದುವೆ ಮನೆಗಳಿಗೆ ದೀಪ ಹಾಕುವ ಕೆಲಸಕ್ಕೆ ಸೇರಿದ್ದ. ನೆಲದ ಮೇಲೆ ಕುಳಿತು ಒಂದು ಬೋರ್ಡಿಗೆ ತಂತಿ ಬಿಗಿಯುತ್ತಿದ್ದವನು ನನ್ನನ್ನು ನೋಡಿ ಎದ್ದುನಿಂತ. ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವ ನನಗೆ ವಾಕ್ಯ ಸಿಗಲಿಲ್ಲ. “ನೀನು ಮುಟ್ಟಿರಲಿಲ್ಲ, ಗೊತ್ತಾಯಿತು. ನ್ಯೂಟ್ರಲ್ ಸುಟ್ಟಿತ್ತು. ನನ್ನದು ತಪ್ಪಾಯಿತಪ್ಪಾ,” ಎಂದೆ. ಅವನು ತುಸು ಹೊತ್ತು ಸ್ಕ್ರೂಡ್ರೈವರನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

“ಈಗ ಯಾವ ಸೈಜಿನ ತಂತಿ ಹಾಕಿಸಿದ್ದೀರಿ, ಸರ್?”

“ಫೇಸಿನದರ ಎರಡರಷ್ಟು. ರಾಯರೇ ಮುಂದೆ ನಿಂತು ಹಾಕಿಸಿದರು.”

“ತಾಮ್ರದ್ದೋ, ಅಲ್ಯೂಮಿನಿಯಮ್ಮೋ?”

ಅಲ್ಯೂಮಿನಿಯಮ್ ಎಂದೆ.

“ಹಾಗಾದರೆ ಆರು ತಿಂಗಳಿಗೊಂದು ಸಲ ಲಗ್ಗು ಬಿಗಿ ಮಾಡಿಸಬೇಕು, ಸರ್. ಕಾದು ಆರಿ ಸಡಿಲವಾಗುತ್ತೆ. ಕಾಲೇಜು ಶುರುವಾದ ಮೇಲೆ ನಾನೇ ಬಂದು ನೋಡುತ್ತೇನೆ,” ಎಂದು ಹೇಳಿ, ಕುಳಿತು, ಬೋರ್ಡಿನ ಕೆಲಸ ಮುಂದುವರಿಸಿದ.